ಪದವಿಯ ಗಳಿಕೆ ಮತ್ತು ವಿದ್ಯೆಯ ಸಾಲ: ಒಂದು ಲೆಕ್ಕ

ಅರ್ಥಶಾಸ್ತ್ರದ ಪಾಠ ಮುಗಿಸಿ ಪುಸ್ತಕ ಮುಚ್ಚುತ್ತಿದ್ದಾಗ, ನವಲಗುಂದ ತಾಲೂಕಿನ ತಿರ್ಲಾಪುರದಿಂದ ಬರುವ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬನು ಮೇಜಿನ ಬಳಿಗೆ ಬಂದು, "ಸರ್, ಎಂ.ಬಿ.ಎ. ಮಾರ್ಕೆಟಿಂಗ್ ಮಾಡಿದರ ಪಗಾರ ಎಷ್ಟ ಬರತೈತ್ರಿ? ಅಪ್ಪಾರು ಸಾಲಾ ತಗೀಲೇನು ಅಂತ ಕೇಳಾಕತ್ತಾರ್ರಿ" ಎಂದನು. ಪ್ರಶ್ನೆಯು ಸರಳವಾಗಿ ತೋರುವದು. ಆದರೆ ಅವನು ಕೇಳಿದ್ದು ಲೆಕ್ಕದ ಒಂದು ಬದಿಯನ್ನು ಮಾತ್ರ. ಇನ್ನೊಂದು ಬದಿಯನ್ನೂ ಬರೆದು ನೋಡುವದೇ ಈ ಲೇಖನದ ಉದ್ದೇಶ.

ಮೊದಲು ಸಾಲದ ಸ್ವರೂಪವನ್ನು ತಿಳಿಯೋಣ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಸಿದ್ಧಪಡಿಸಿದ ಮಾದರಿ ಯೋಜನೆಯನ್ನು ಅನುಸರಿಸಿ ಬ್ಯಾಂಕುಗಳು ಶಿಕ್ಷಣಸಾಲ ಕೊಡುತ್ತ ಬಂದಿವೆ. 4 ಲಕ್ಷ ರೂಪಾಯಿಯವರೆಗೆ ಆಸ್ತಿಯ ಒತ್ತೆ ಬೇಡ. ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಮಾಡಿದರೆ ಸಾಕು. ಕಲಿಯುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟುವ ಹಂಗಿಲ್ಲ. ಇದನ್ನು ಕೇಳಿ, ಆ ಅವಧಿಯಲ್ಲಿ ಬಡ್ಡಿಯೂ ಇಲ್ಲವೆಂದು ತಿಳಿದವರನ್ನು ನಾನು ಕಂಡಿದ್ದೇನೆ. ಬಡ್ಡಿಯು ಸಾಲ ಕೈಸೇರಿದ ದಿನದಿಂದಲೇ ನಡೆಯುವದು.

ಶೇಕಡಾ 10ರ ಬಡ್ಡಿಯೆಂದು ಹಿಡಿಯೋಣ. ಎರಡು ವರ್ಷದ ವ್ಯಾಸಂಗಕ್ಕೆ ವರ್ಷಕ್ಕೆ 2 ಲಕ್ಷದಂತೆ 4 ಲಕ್ಷ ಸಾಲ. ಮೊದಲ 2 ಲಕ್ಷಕ್ಕೆ ಮೂರು ವರ್ಷದ ಸರಳಬಡ್ಡಿ 60,000. ಎರಡನೆಯದಕ್ಕೆ ಎರಡು ವರ್ಷದ್ದು 40,000. ಹೀಗೆ ಮೊದಲ ಕಂತಿನ ದಿನ ಸಾಲವು 5 ಲಕ್ಷವಾಗಿ ನಿಂತಿರುವದು. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 6,608 ರೂಪಾಯಿ. ಒಟ್ಟು ಕಟ್ಟುವದು 7 ಲಕ್ಷ 93 ಸಾವಿರದ ಹತ್ತಿರ. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,373ಕ್ಕೆ ಇಳಿಯುವದು, ಆದರೆ ಒಟ್ಟು ಮೊತ್ತ 9 ಲಕ್ಷ 67 ಸಾವಿರಕ್ಕೆ ಏರುವದು. ಬಡ್ಡಿಯನ್ನಷ್ಟೇ ಆಗಿಂದಾಗ್ಗೆ ಕಟ್ಟುತ್ತ ಹೋದವರಿಗೆ ಹತ್ತು ವರ್ಷದ ಕಂತು ಕೇವಲ 5,286. ಇಂಥವರಿಗೆ ಬಡ್ಡಿಯಲ್ಲಿ ಶೇಕಡಾ 1ರ ರಿಯಾಯಿತಿಗೂ ಆ ಮಾದರಿ ಯೋಜನೆಯಲ್ಲಿ ಎಡೆಯಿದೆ.

ಇನ್ನು ಗಳಿಕೆಯ ಬದಿ. ಇಲ್ಲಿ ನಮ್ಮ ಹುಡುಗರು ಮರೆಯುವ ಬಾಬು ಒಂದಿದೆ. ಎಂ.ಬಿ.ಎ. ಓದದೆ ಹುಬ್ಬಳ್ಳಿಯ ಅಂಗಡಿಯಲ್ಲೋ ಏಜೆನ್ಸಿಯಲ್ಲೋ ತಿಂಗಳಿಗೆ 12,000ಕ್ಕೆ ನಿಂತಿದ್ದರೆ ಆ ಎರಡು ವರ್ಷಗಳಲ್ಲಿ 2,88,000 ಬರುತ್ತಿತ್ತು. ಬಾರದೆ ಹೋದ ಈ ಹಣವೂ ಪದವಿಯ ಬೆಲೆಯೇ. ಅಲ್ಲದೆ ಆ ಹೊತ್ತಿಗೆ ಅನುಭವದಿಂದ ಅವನ ಪಗಾರವು 15,000ಕ್ಕೆ ಬಂದಿರಬಹುದು. ಹಾಗಾದರೆ ಪದವಿ ಪಡೆದವನ ಪಗಾರವು 15,000 ಮತ್ತು 6,608 ಕೂಡಿ 21,608ನ್ನು ದಾಟುವವರೆಗೆ, ಕಂತು ತೀರುವ ತನಕ, ಅವನು ಓದದವನಿಗಿಂತ ಮುಂದಾದನೆಂದು ಹೇಳಲಾಗದು. ಪಗಾರದ ಈ ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು. ಪ್ರತಿಯೊಬ್ಬನೂ ತನ್ನ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

ಮಾರ್ಕೆಟಿಂಗ್ ವಿಷಯದಲ್ಲಿ ಮಾತ್ರ ಇನ್ನೊಂದು ತೊಡಕು ಹೆಚ್ಚು. 'ವರ್ಷಕ್ಕೆ 4 ಲಕ್ಷದ ಪ್ಯಾಕೇಜು' ಎಂದರೆ ತಿಂಗಳಿಗೆ 33,333 ಕೈಗೆ ಬರುವದೆಂದಲ್ಲ. ಕಂಪನಿಯು ಭವಿಷ್ಯನಿಧಿಗೆ ಹಾಕುವ ಪಾಲು, ವಿಮೆ, ಗುರಿ ಮುಟ್ಟಿದರೆ ಮಾತ್ರ ಸಿಗುವ ಇನ್ಸೆಂಟಿವ್, ಎಲ್ಲವೂ ಅದರೊಳಗೆ ಇರಬಹುದು. ಮಾರಾಟ ಬಿದ್ದ ತಿಂಗಳು ಇನ್ಸೆಂಟಿವ್ ಇಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪದು. ನಮ್ಮ ಎರೆಹೊಲದ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಲವನ್ನು ಲಾವಣಿಗೆ ಹಿಡಿದವನು ಮಳೆ ಆಗಲಿ ಬಿಡಲಿ ಗೊತ್ತುಪಡಿಸಿದ ಹಣ ಕೊಡಬೇಕು. ಪಾಲಿಗೆ ಮಾಡಿದವನು ಬೆಳೆದದ್ದರಲ್ಲಿ ಪಾಲು ಕೊಟ್ಟರಾಯಿತು. ಆಸ್ಟ್ರೇಲಿಯಾ ದೇಶದಲ್ಲಿ 1989ರಿಂದ ವಿದ್ಯಾರ್ಥಿಯ ಋಣವು ಪಾಲಿನ ರೀತಿಯದಾಗಿದೆ: ಗಳಿಕೆಯು ಒಂದು ಮಟ್ಟ ದಾಟಿದ ಮೇಲೆಯೇ ಮರುಪಾವತಿ ಕಡ್ಡಾಯ. ನಮ್ಮ ಬ್ಯಾಂಕುಸಾಲವು ಲಾವಣಿಯದು. ಆದುದರಿಂದ ಕಂತನ್ನು ತೂಗಿ ನೋಡಬೇಕಾದದ್ದು ಪ್ಯಾಕೇಜಿನೊಡನೆ ಅಲ್ಲ, ಕೈಗೆ ಬರುವ ಖಾಯಂ ಪಗಾರದೊಡನೆ.

ಊರೂ ಲೆಕ್ಕಕ್ಕೆ ಬರುವದು. ಬೆಂಗಳೂರಿನಲ್ಲಿ 25,000 ಪಗಾರ. ಕೋಣೆ, ಊಟ, ಓಡಾಟಕ್ಕೆ 12,000 ಕಳೆದು, ಕಂತು ಕಟ್ಟಿದರೆ ಉಳಿಯುವದು 6,392. ಹುಬ್ಬಳ್ಳಿಯಲ್ಲಿ 20,000, ಮನೆಯಿಂದಲೇ ಹೋಗಿಬಂದು 3,000 ಖರ್ಚು ಮಾಡಿದವನಿಗೆ ಉಳಿಯುವದು 10,392. ವಿದ್ಯಾರ್ಥಿನಿಯರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚೂ ಉಳಿಯುವದು. ಬೆಂಗಳೂರಿನಲ್ಲಿ ಪಗಾರ ಬೇಗ ಏರುವದೆಂಬ ವಾದವುಂಟು. ಅದು ಸುಳ್ಳಲ್ಲ, ಆದರೆ ಮೊದಲ ಎರಡು ಮೂರು ವರ್ಷ ದಾಟುವ ಬಲ ಮನೆಯವರಿಗೆ ಇರಬೇಕು.

ಸಾಲದ ಭಾರ ಇಳಿಸುವ ದಾರಿಗಳಿಲ್ಲದೆ ಇಲ್ಲ. ಪಿ.ಜಿ.ಸಿ.ಇ.ಟಿ. ಬರೆದು ಸರಕಾರದ ಕೋಟಾದಲ್ಲಿ ಸೀಟು ಪಡೆಯುವದು ಮೊದಲನೆಯದು. ಸಾಲದ ಗಾತ್ರವೇ ಅಲ್ಲಿ ಕಿರಿದಾಗುವದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಂಥದು ಹತ್ತಿರವಿರಲು ದೂರದ ದುಬಾರಿ ಕಾಲೇಜನ್ನು ಮೊದಲು ನೆನೆಯುವದೇಕೆಂದು ನನಗೆ ತಿಳಿಯದು. ವರ್ಷಕ್ಕೆ 4.5 ಲಕ್ಷದೊಳಗಿನ ವರಮಾನದ ಮನೆತನಗಳಿಗೆ, ಮಾನ್ಯತೆ ಪಡೆದ ಸಂಸ್ಥೆಯ ವೃತ್ತಿಶಿಕ್ಷಣವಾದರೆ, ಕಂತಿಲ್ಲದ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆಯು 2009ರಲ್ಲಿ ಬಂದಿತು. ಅದು ದೊರೆತರೆ ಮೇಲೆ ಹೇಳಿದ ಒಂದು ಲಕ್ಷದ ಬಡ್ಡಿ ಏರದು. 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು ಶ್ರೇಯಾಂಕದಲ್ಲಿರುವ ಆಯ್ದ ಸಂಸ್ಥೆಗಳಿಗಷ್ಟೇ ಅನ್ವಯಿಸುವದು. ಸೇರುವ ಮೊದಲೇ ಪಟ್ಟಿ ನೋಡಬೇಕು.

ನಮ್ಮ ಭಾಗದಲ್ಲಿ 'ಸಾಲ ಎಂದಾದರೂ ಮನ್ನಾ ಆದೀತು' ಎಂಬ ಮಾತು ಕಟ್ಟೆಗಳ ಮೇಲೆ ಕೇಳಿಬರುವದು. 2018ರಲ್ಲಿ ರಾಜ್ಯ ಸರಕಾರ ಮನ್ನಾ ಮಾಡಿದ್ದು ಬೆಳೆಸಾಲವನ್ನು, ಶಿಕ್ಷಣಸಾಲವನ್ನಲ್ಲ. ಮಗನ ಕಂತು ತಪ್ಪಿದರೆ ಸಹಸಾಲಗಾರನಾದ ತಂದೆಯ ಹೆಸರಿನ ಮೇಲೂ ಅದು ದಾಖಲಾಗುವದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತಲು ಅದೇ ತಂದೆಯು ಬ್ಯಾಂಕಿನ ಬಾಗಿಲಿಗೆ ಹೋಗುವವನು.

ಈ ಲೆಕ್ಕವನ್ನು ಆ ವಿದ್ಯಾರ್ಥಿಯು ತನ್ನ ವಹಿಯಲ್ಲಿ ಬರೆದುಕೊಂಡು ಹೋದನು. ಎಂಟು ದಿನ ಬಿಟ್ಟು ಬಂದು, ತಾನು ಸೇರಬೇಕೆಂದಿದ್ದ ಖಾಸಗಿ ಕಾಲೇಜಿಗೆ ಫೋನು ಮಾಡಿದ್ದೆನೆಂದೂ, ಅವರು ಎಲ್ಲಕ್ಕಿಂತ ದೊಡ್ಡ ಪ್ಯಾಕೇಜನ್ನಷ್ಟೇ ಹೇಳಿದರೆಂದೂ ತಿಳಿಸಿದನು. ಕಳೆದ ವರ್ಷ ಮಾರ್ಕೆಟಿಂಗ್ ಓದಿದವರಲ್ಲಿ ಎಷ್ಟು ಜನರಿಗೆ ಖಾಯಂ ಪಗಾರ 21,608ರ ಮೇಲಿದೆಯೆಂದು ಬರೆದು ಕೇಳಿದ್ದಾನಂತೆ. ಉತ್ತರ ಇನ್ನೂ ಬಂದಿಲ್ಲ. ಅವನ ತಂದೆಯೂ ಇನ್ನೂ ಸಹಿ ಮಾಡಿಲ್ಲ.