ಸುರ್‌ಹೂಸನ್ ಗ್ರಾಮದ ಓರೆ ಗೋಪುರವೂ ನಮ್ಮ ಎರೆನೆಲವೂ



1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತರಾದ ಕಿಟ್ಟೆಲ್ ಪಂಡಿತರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಅವರು 1832ರಲ್ಲಿ ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಅವರ ತಂದೆಯು ಆ ಊರಿನ ಪಾದ್ರಿಗಳಾಗಿದ್ದರು. ಬಾಸೆಲ್ ಮಿಶನ್ನಿನವರು 1853ರಲ್ಲಿ ಅವರನ್ನು ನಮ್ಮ ದೇಶಕ್ಕೆ ಕಳುಹಿಸಿದರು. ಈ ಸಾರಿ ನಾವು ಅವರ ಹುಟ್ಟುಸೀಮೆಯ ಒಂದು ಹಳೆಯ ಗ್ರಾಮ ದೇವಾಲಯದ ಸಂಗತಿಯನ್ನು ಬರೆಯುತ್ತೇವೆ. ರಾಯಚೂರು, ಮಾನ್ವಿ, ದೇವದುರ್ಗ ಸೀಮೆಗಳ ಸಭೆಯವರು ಇದನ್ನು ಓದಬೇಕಾದ ಕಾರಣವು ಮುಂದೆ ತಿಳಿದುಬರುವದು.

ಆ ಸೀಮೆಯಲ್ಲಿ ಗುಡ್ಡವಿಲ್ಲ, ಬಂಡೆಯೂ ಇಲ್ಲ. ನೆಲವು ಸಮುದ್ರದ ಮಟ್ಟಕ್ಕೆ ಸಮನಾಗಿ ಹರಡಿಕೊಂಡಿರುವ ಕೆಸರುಭೂಮಿ. ಕಡಲು ಉಕ್ಕಿದಾಗ ಊರುಗಳೇ ಮುಳುಗುತ್ತಿದ್ದವು. 1717ರ ಕ್ರಿಸ್ಮಸ್ ದಿನದ ಪ್ರವಾಹದಲ್ಲಿ ಆ ಕರಾವಳಿಯ ಸಾವಿರಾರು ಜನರು ಸತ್ತರು. ಆದದರಿಂದ ಅಲ್ಲಿಯವರು ಮಣ್ಣು ಹೊತ್ತು ದಿಬ್ಬಗಳನ್ನು ಮಾಡಿ, ಅವುಗಳ ಮೇಲೆ ಮನೆಗಳನ್ನೂ ದೇವಾಲಯವನ್ನೂ ಕಟ್ಟಿಕೊಂಡರು. ನೀರು ಏರಿದ ರಾತ್ರಿಯಲ್ಲಿ ಜನರೂ ದನಗಳೂ ಓಡಿ ಸೇರುತ್ತಿದ್ದದ್ದು ಇಂಥ ದಿಬ್ಬಗಳಿಗೇ.

ಕಲ್ಲಿಲ್ಲದ ದೇಶದಲ್ಲಿ ದೇವಾಲಯವನ್ನು ಯಾವದರಿಂದ ಕಟ್ಟುವದು? ಮೊದಮೊದಲು ಮರದಿಂದ ಕಟ್ಟಿದರು. ಬಳಿಕ ಪೂರ್ವಕಾಲದ ಹಿಮರಾಶಿಗಳು ಬಿಟ್ಟುಹೋಗಿದ್ದ ಗುಂಡುಗಲ್ಲುಗಳನ್ನು ಒಡೆದು ಕಟ್ಟಿದರು. ರೈನ್ ನದಿಯ ಸೀಮೆಯಿಂದ ದೋಣಿಗಳ ಮೇಲೆ ಹಗುರವಾದ ಕಲ್ಲನ್ನೂ ತರಿಸಿದರು. ಸುಮಾರು 1200ರಿಂದ ತಮ್ಮ ಕಾಲಕೆಳಗಿನ ಜೇಡಿಮಣ್ಣನ್ನೇ ಸುಟ್ಟು ಇಟ್ಟಿಗೆ ಮಾಡುವದನ್ನು ಕಲಿತರು. ಹೀಗೆ ಕಟ್ಟಿದ ಕೆಂಪು ದೇವಾಲಯಗಳು ಅಲ್ಲಿ ಊರೂರಿಗೆ ಇವೆ. ಗೋಡೆಗಳು ಬಹಳ ದಪ್ಪ, ಕಿಟಕಿಗಳು ಸಣ್ಣವು. ಗಂಟೆಯ ಗೋಪುರವು ಅನೇಕ ಊರುಗಳಲ್ಲಿ ದೇವಾಲಯಕ್ಕೆ ಅಂಟಿಕೊಂಡಿರದೆ ದೂರ ನಿಂತಿರುವದು; ಯಾಕಂದರೆ ಮೆತ್ತಗಿನ ನೆಲದಲ್ಲಿ ಭಾರವಾದ ಗೋಪುರವು ಕುಸಿದರೆ ದೇವಾಲಯವನ್ನೂ ಎಳೆದುಕೊಂಡು ಬೀಳಬಾರದು. ಓದುಬರಹವಿಲ್ಲದ ಗೌಂಡಿಗಳ ಈ ವಿವೇಕವು ನಮಗೆ ಮೆಚ್ಚಿಗೆಯಾಗಿದೆ.

ಎಂಡೆನ್ ಪಟ್ಟಣದ ಉತ್ತರಕ್ಕೆ ಸುರ್‌ಹೂಸನ್ ಎಂಬ ಹಳ್ಳಿಯಿದೆ. ಅಲ್ಲಿಯ ದೇವಾಲಯವು 13ನೆಯ ಶತಮಾನದ ಮಧ್ಯದಲ್ಲಿ ಕಟ್ಟಲ್ಪಟ್ಟಿತು. 1450ರಲ್ಲಿ ಊರಿನವರು ಅದರ ಉದ್ದವನ್ನು ಕಡಿಮೆ ಮಾಡಿ, ಪಶ್ಚಿಮದ ಕಡೆಯಲ್ಲಿ ದೇವಾಲಯಕ್ಕೆ ಸೇರಿಸಿಯೇ ಗೋಪುರವನ್ನು ಎತ್ತಿದರು. ಅದರ ಎತ್ತರ 27 ಮೀಟರಿಗಿಂತ ಸ್ವಲ್ಪ ಹೆಚ್ಚು. ನೆಲದಲ್ಲಿ ನೀರು ತುಂಬಿದ್ದದರಿಂದ ಅಸ್ತಿವಾರಕ್ಕೆ ಓಕ್ ಎಂಬ ಗಟ್ಟಿಮರದ ದಿಮ್ಮಿಗಳನ್ನು ಹಾಕಿದರು.

ಮರದ ಅಸ್ತಿವಾರವೆಂದರೆ ನೀವು ನಗಬಹುದು. ಆದರೆ ಬಾವಿಯ ನೀರಿನೊಳಗೆ ಪೂರಾ ಮುಳುಗಿದ ತೊಲೆಯು ಬಹುಕಾಲ ಕೆಡದೆ ಇರುವದನ್ನೂ, ಹೊಲದ ಬೇಲಿಯ ಗೂಟವು ನೆಲದ ಮಟ್ಟದಲ್ಲಿಯೇ ಮೊದಲು ಕೊಳೆಯುವದನ್ನೂ ಒಕ್ಕಲಿಗರಾದ ನೀವು ಕಂಡಿದ್ದೀರಿ. ಮರವನ್ನು ಕೆಡಿಸುವದು ನೀರೊಂದೇ ಅಲ್ಲ. ಅದರ ಕೂಡ ಗಾಳಿಯೂ ಬೇಕು. ಸುರ್‌ಹೂಸನ್ನಿನ ದಿಮ್ಮಿಗಳು ನೀರಿನಲ್ಲಿ ಮುಳುಗಿದ್ದಷ್ಟು ಕಾಲ, ಅಂದರೆ ನಾಲ್ಕು ನೂರು ವರುಷಗಳ ಹತ್ತಿರ, ಗಟ್ಟಿಯಾಗಿದ್ದವು. 19ನೆಯ ಶತಮಾನದಲ್ಲಿ ಸುತ್ತಲಿನ ರೈತರು ಕಾಲುವೆ ತೋಡಿ ಕೆಸರುಭೂಮಿಯ ನೀರನ್ನು ಹೊರಗೆ ಹರಿಸಿದರು. ಹೊಲಗಳಿಗೆ ಒಳ್ಳೆಯದಾಯಿತು. ಆದರೆ ನೆಲದೊಳಗಿನ ನೀರು ಇಳಿದು, ದಿಮ್ಮಿಗಳಿಗೆ ಗಾಳಿ ತಗಲಿ, ಅವು ಕೊಳೆಯತೊಡಗಿದವು. ಗೋಪುರವು ಒಂದು ಪಕ್ಕಕ್ಕೆ ಬಾಗಿತು. ರೈತರು ಯಾರೂ ದೇವಾಲಯಕ್ಕೆ ಕೇಡು ಬಗೆದವರಲ್ಲ. ಅವರೇ ಅದರ ಸಭಿಕರು!

1975ರಲ್ಲಿ ಗೋಪುರವು ಬಿದ್ದೀತೆಂಬ ಭಯದಿಂದ ಅದನ್ನು ಮುಚ್ಚಿದರು. ಕೆಡವಿ ಬಿಡೋಣವೆನ್ನದೆ ಬಲಪಡಿಸುವ ಕೆಲಸ ಮಾಡಿ, 1985ರಲ್ಲಿ ತಿರಿಗಿ ತೆರೆದರು. ಈಗ ಅದರ ಓರೆಯು 5.19 ಡಿಗ್ರಿ, ಮೇಲ್ತುದಿಯು ಬುಡದಿಂದ ಎರಡೂವರೆ ಮೀಟರಿನಷ್ಟು ಆಚೆಗೆ ಚಾಚಿದೆ. ಇಟಲಿ ದೇಶದ ಪೀಸಾ ಗೋಪುರದ ಓರೆಯು ಇದಕ್ಕಿಂತ ಕಡಿಮೆ.

ಈಗ ನಮ್ಮ ಸೀಮೆಗೆ ಬರೋಣ. ರಾಯಚೂರಿನವರಿಗೆ ಬಂಡೆಯ ಕೊರತೆಯಿಲ್ಲ; 1294ರಲ್ಲಿ ಕಟ್ಟಿದ ಅಲ್ಲಿಯ ಕೋಟೆಯಲ್ಲಿ ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ಮಹಾಶಿಲೆಗಳು ಈ ಹೊತ್ತಿಗೂ ಕದಲಿಲ್ಲ. ಆದರೆ ಮಾನ್ವಿ, ದೇವದುರ್ಗಗಳ ಅನೇಕ ಹಳ್ಳಿಗಳು ಎರೆನೆಲದ ಮೇಲೆ ನಿಂತಿವೆ. ಎರೆಯು ನೀರು ಕುಡಿದರೆ ಉಬ್ಬುವದು, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುವದು. ಅದರ ಮೇಲಿನ ಗೋಡೆಯೂ ವರುಷವರುಷ ಏರಿ ಇಳಿಯುವದು. ಇದಕ್ಕೆ ಕಾಲುವೆಗಳೂ ಕೂಡಿಕೊಂಡಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿಗೆ, ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗಕ್ಕೆ ನೀರು ತಂದವು. ಜೋಳದ ಹೊಲಗಳಲ್ಲಿ ಭತ್ತ ಬಂತು. ಸುರ್‌ಹೂಸನ್ನಿನಲ್ಲಿ ನೀರು ಹೋದದ್ದರಿಂದ ತೊಂದರೆಯಾಯಿತು. ಇಲ್ಲಿ ಗದ್ದೆಯ ಮಗ್ಗುಲಲ್ಲಿ ನೀರು ಬಂದದ್ದರಿಂದ ಆಗಬಹುದು.

ಪ್ರಾರ್ಥನಾಲಯದ ಗೋಡೆ ಬಿರುಕು ಬಿಟ್ಟಲ್ಲಿ ಕೆಲವರು ಗೌಂಡಿಯನ್ನು ಬೈಯುವರು. ಇನ್ನು ಕೆಲವರು, ಸಭೆಯಲ್ಲಿ ಯಾರದೋ ಗುಪ್ತ ಪಾಪವಿದೆಯೆಂದು ಪಿಸುಗುಟ್ಟಿ, ಒಂದು ಮನೆಯವರ ಕಡೆಗೆ ಬೆರಳು ತೋರಿಸುವರು. ಇದು ಸಹೋದರ ಪ್ರೀತಿಗೆ ತಕ್ಕದ್ದಲ್ಲ, ಸತ್ಯವೂ ಅಲ್ಲ. ಮೂರನೆಯ ಪಕ್ಷದವರು ಹಳೆಯದನ್ನು ಕೆಡವಿ ಅದೇ ಸ್ಥಳದಲ್ಲಿ ಸಿಮೆಂಟಿನ ದೊಡ್ಡ ಕಟ್ಟಡ ಕಟ್ಟೋಣವೆನ್ನುವರು. ಅಸ್ತಿವಾರವು ಎರೆಯಲ್ಲಿಯೇ ನಿಂತರೆ ಹೊಸ ಗೋಡೆಯೂ ಬಿರಿಯುವದು. ಅಜ್ಜಂದಿರು ಕಾಸುಕಾಸು ಕೂಡಿಸಿ ಕಟ್ಟಿದ್ದೂ ಹೋಗುವದು, ಸಾಲವೂ ಉಳಿಯುವದು.

ಕೆಡವುವ ಮಾತಿಗೆ ಮುಂಚೆ ಗೋಡೆಯ ಮಗ್ಗುಲಲ್ಲಿ ಒಂದು ಗುಂಡಿ ತೋಡಿಸಿ, ಅಸ್ತಿವಾರವು ಗರಸಿಗೆ ಮುಟ್ಟಿದೆಯೋ ಎರೆಯಲ್ಲಿಯೇ ನಿಂತಿದೆಯೋ ಎಂದು ತಿಳಿದ ಇಂಜಿನಿಯರರಿಗೆ ತೋರಿಸಿರಿ. ಮಾಳಿಗೆಯ ನೀರು ಬುಡದಲ್ಲಿ ಬೀಳದಂತೆ ದೂರ ಸಾಗಿಸಿರಿ. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಬಂಡೆ ಹಾಸಿರಿ. ಬೇವಿನ ಸಸಿಯನ್ನು ಗೋಡೆಗೆ ಹತ್ತಿರ ನೆಡಬೇಡಿರಿ. ಬಿರುಕಿಗೆ ಅಡ್ಡವಾಗಿ ಅಂಗೈಯಗಲ ಸಿಮೆಂಟ್ ಮೆತ್ತಿ, ಒಣಗುವ ಮೊದಲು ಅದರ ಮೇಲೆ ತಾರೀಖನ್ನು ಕೊರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದ ಮೇಲೆ ಆ ಮೆತ್ತಿಗೆಯು ಒಡೆದಿದೆಯೋ ಇಲ್ಲವೋ ನೋಡಿ, ಆಗ ಪಂಚಾಯಿತಿ ಕೂಡಿಸಿರಿ.