ಕಡಲ ಬ್ಯಾಕ್ಟೀರಿಯಾ ಸಿಹಿನೀರಿಗೆ ಬಿದ್ದರೆ?

ಒಣದ್ರಾಕ್ಷಿಯನ್ನು ರಾತ್ರಿ ನೀರಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಉಬ್ಬಿರುತ್ತೆ, ಅಲ್ವಾ? ಒಳಗೆ ಸಕ್ಕರೆ ಹೆಚ್ಚು, ಹೊರಗೆ ಬರೀ ನೀರು. ಹಾಗಾಗಿ ನೀರು ಸಿಪ್ಪೆ ದಾಟಿ ಒಳಗೆ ಹೋಗುತ್ತೆ. ಇದೇ ಅಭಿಸರಣೆ, ಅಂದರೆ ಆಸ್ಮೋಸಿಸ್.

ಈಗ ಕಡಲಿಗೆ ಬರೋಣ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ಅದನ್ನು ಸರಿದೂಗಿಸಲು ಅಲ್ಲಿನ ಬ್ಯಾಕ್ಟೀರಿಯಾಗಳು ಪೊಟ್ಯಾಸಿಯಂ, ಎಕ್ಟೋಯಿನ್‌ನಂಥವನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಜೋರು ಮಳೆಯಾಗಿ ನದಿನೀರು ಅಳಿವೆಗೆ ನುಗ್ಗಿತು ಅಂದ್ಕೊಳ್ಳಿ. ಹೊರಗಿನ ಉಪ್ಪು ತಟ್ಟನೆ ಇಳಿಯುತ್ತೆ, ಒಳಗಿನ ದಾಸ್ತಾನು ಹಾಗೇ ಇರುತ್ತೆ. ಸಮುದ್ರದ ನೀರಿಗೂ ಶುದ್ಧ ನೀರಿಗೂ ನಡುವಿನ ಅಭಿಸರಣ ಒತ್ತಡ ಸುಮಾರು 25 ವಾಯುಭಾರದಷ್ಟು. ಕಾರಿನ ಟೈರಿಗೆ ನಾವು ತುಂಬೋದು ಎರಡು, ಎರಡೂವರೆ ಅಷ್ಟೇ!

ಕೋಶ ಒಡೆಯದಂತೆ ಕಾಯೋದು ಯಾವುದು? ಒಳಪೊರೆಯಲ್ಲಿ ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್ ಥರದ ಪ್ರೋಟೀನುಗಳಿವೆ. ಪೊರೆ ಬಿಗಿಯಾದಾಗ ಎಂಎಸ್‌ಸಿಎಸ್ ಮೊದಲು ತೆರೆಯುತ್ತೆ. ಇನ್ನೇನು ಒಡೆದೇ ಹೋಗುತ್ತೆ ಅನ್ನುವಾಗ ಎಂಎಸ್‌ಸಿಎಲ್ ಸುಮಾರು 3 ನ್ಯಾನೋಮೀಟರ್ ಅಗಲದ ಬಾಯಿ ತೆರೆದು, ಕೂಡಿಟ್ಟದ್ದನ್ನು ಹೊರಗೆ ಬಿಡುತ್ತೆ. ಒಳಪೊರೆಯ ಆಚೆ ಪೆಪ್ಟಿಡೋಗ್ಲೈಕಾನ್ ಎಂಬ ಬಲೆಯಂಥ ಗೋಡೆ, ಅದರಾಚೆ ಹೊರಪೊರೆ.

ಹಾಗಾದರೆ ಒತ್ತಡ ಸಮ ಇದ್ದರೆ ಸಾಕಾ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮೆಕ್‌ಲೌಡ್ ಮತ್ತು ಸಂಗಡಿಗರು 1960ರ ದಶಕದಿಂದ ಇದನ್ನೇ ಪರೀಕ್ಷಿಸಿದರು. ಒಂದು ಕಡಲ ಬ್ಯಾಕ್ಟೀರಿಯಾವನ್ನು ಅಡುಗೆ ಉಪ್ಪಿನ ದ್ರಾವಣದಲ್ಲಿ ತೊಳೆದು, ಆಮೇಲೆ ಸಕ್ಕರೆ ದ್ರಾವಣಕ್ಕೆ ಹಾಕಿದರು. ಸಕ್ಕರೆ ಇದ್ದದ್ದರಿಂದ ಕೋಶ ಒಡೆಯಲಿಲ್ಲ. ಆದರೂ ಹೊರಪೊರೆ ಕಳಚಿಕೊಂಡು ಬಂತು! ಸ್ವಲ್ಪ ಮೆಗ್ನೀಸಿಯಂ ಇದ್ದರೆ ಮಾತ್ರ ಅದು ಗಟ್ಟಿಯಾಗಿ ನಿಂತಿತು.

ಕಾರಣ ಇಷ್ಟೇ. ಹೊರಪೊರೆಯ ಅಣುಗಳಲ್ಲಿ ಋಣ ವಿದ್ಯುದಂಶ ಇರೋದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಎರಡು ಧನ ವಿದ್ಯುದಂಶವಿರುವ ಮೆಗ್ನೀಸಿಯಂ, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ, ಅವನ್ನು ಹಿಡಿದಿಡುತ್ತೆ. ಅಂದರೆ ಸಿಹಿನೀರಿನಿಂದ ಏಟು ಎರಡು: ಒಳಗಿನಿಂದ ಒತ್ತಡ ಏರುತ್ತೆ, ಹೊರಗಿನ ಗಾರೆಯೂ ಕರಗುತ್ತೆ.

ಲ್ಯಾಬಿನಲ್ಲಿ ಓದುತ್ತಿರುವವರು ಇದನ್ನು ನೆನಪಿಡಿ. ಕಡಲ ಮಾದರಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೆಳುಮಾಡಿ ಎಣಿಸಿದರೆ, ಎಷ್ಟೋ ಕೋಶಗಳು ಎಣಿಕೆಗೆ ಮೊದಲೇ ಸತ್ತಿರುತ್ತವೆ. ತಟ್ಟೆಯಲ್ಲಿ ಕಮ್ಮಿ ಕಂಡಿತು ಅಂದಮಾತ್ರಕ್ಕೆ ಕಡಲಲ್ಲಿ ಕಮ್ಮಿ ಇತ್ತು ಅಂತಲ್ಲ. ತೆಳುಮಾಡುವ ನೀರಲ್ಲೂ ಉಪ್ಪಿರಲಿ, ಜೊತೆಗೆ ಮೆಗ್ನೀಸಿಯಂ ಇರಲಿ.

ಮುಂದಿನ ಕಂತಿಗೆ ಒಂದು ಪ್ರಶ್ನೆ: ಉಪ್ಪಿನಕಾಯಿ ಭರಣಿಯೊಳಗೆ ಬ್ಯಾಕ್ಟೀರಿಯಾದ ಪಾಡೇನು? ಯೋಚಿಸಿ, ಬರೆದು ಕಳಿಸಿ. ಸಿಗೋಣ!