ಮಗನ ಕಿಡ್ನಿಯಲ್ಲಿ ಕಲ್ಲು: ಪಕ್ಕೆ ಕೊಯ್ಯಲೇಬೇಕೆ?

ಆರು ವರ್ಷದ ಮಗನ ಕಿಡ್ನಿಯಲ್ಲಿ 18 ಮಿ.ಮೀ. ಕಲ್ಲು ಎಂದರೆ ಯಾವ ತಾಯಿಗಾದರೂ ನಿದ್ದೆ ಹಾರುತ್ತದೆ. ಆದರೆ ನೀವು ಹೆದರಿರುವಂತೆ ಪಕ್ಕೆಯುದ್ದ ಕೊಯ್ಯುವ ಅಗತ್ಯ ಈಗ ತೀರಾ ಅಪರೂಪ. ನಿಮ್ಮ ವೈದ್ಯರು ಹೇಳಿರುವ ‘ಮಿನಿ ಪಿಸಿಎನ್‌ಎಲ್’ನಲ್ಲಿ ಬೆನ್ನಿನ ಪಕ್ಕದಿಂದ ಸ್ಲೇಟಿನ ಬಳಪ ತೂರುವಷ್ಟು, ಅಂದರೆ 5–6 ಮಿ.ಮೀ. ದಾರಿ ಮಾಡುತ್ತಾರೆ. ಅದರೊಳಗೆ ಪುಟ್ಟ ದುರ್ಬೀನು ಇಳಿಸಿ, ಲೇಸರ್‌ನಿಂದ ಕಲ್ಲು ಪುಡಿಮಾಡಿ ಹೊರತೆಗೆಯುತ್ತಾರೆ. ಮಗುವಿಗೆ ಪೂರ್ತಿ ಅರಿವಳಿಕೆ ಇರುತ್ತದೆ. ರಕ್ತಸ್ರಾವ, ಸೋಂಕಿನ ಅಪಾಯ ಇಲ್ಲವೆನ್ನಲಾರೆ; ಅದಕ್ಕೇ ಮೊದಲು ಯೂರಿನ್ ಕಲ್ಚರ್ ಮಾಡಿಸಿ. ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರಿರುವ ಆಸ್ಪತ್ರೆಯನ್ನೇ ಆರಿಸಿ.

ಬಾಳೆದಿಂಡಿನ ರಸ ನಂಬಿ ತಿಂಗಳುಗಟ್ಟಲೆ ಕಾಯಬೇಡಿ. ಇಷ್ಟು ದೊಡ್ಡ ಕಲ್ಲು ತಾನಾಗಿ ಜಾರಿಹೋಗದು.

ಮೂತ್ರ ಸರಾಗವಾಗಿ ಇಳಿಯಲೆಂದು ಒಳಗೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಹಾಕಿದರೆ, ಅದನ್ನು ತೆಗೆಸುವ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ನೋವು ಹೋಯಿತೆಂದು ಮರೆತರೆ ಅದರ ಮೇಲೇ ಮತ್ತೆ ಕಲ್ಲು ಕಟ್ಟುತ್ತದೆ.

ಸೋದರಮಾವನನ್ನೇ ಮದುವೆಯಾಗಿದ್ದೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಅದು ಬಹಳ ಮುಖ್ಯವಾದ ಮಾತು. ಸಿಸ್ಟಿನ್ಯೂರಿಯಾ, ಪ್ರೈಮರಿ ಹೈಪರಾಕ್ಸಲೂರಿಯಾದಂಥ, ಕಲ್ಲು ಕಟ್ಟಿಸುವ ಆನುವಂಶಿಕ ಕಾಯಿಲೆಗಳು ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ತೆಗೆದ ಕಲ್ಲಿನ ಚೂರುಗಳನ್ನು ಪರೀಕ್ಷೆಗೆ ಕಳಿಸಲು ಪಟ್ಟು ಹಿಡಿದು ಕೇಳಿ. ಗಾಯ ಮಾಗಿದ ಮೇಲೆ 24 ಗಂಟೆಯ ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಕಾರಣ ತಿಳಿಯದಿದ್ದರೆ ಕಲ್ಲು ಮರಳಿ ಬರಬಹುದು, ಕಿಡ್ನಿಗೇ ಪೆಟ್ಟು ಬೀಳಬಹುದು.

ಹಾಲು ನಿಲ್ಲಿಸಬೇಡಿ. ಉಪ್ಪಿನಕಾಯಿ, ಚಿಪ್ಸ್ ಕಡಿಮೆ ಮಾಡಿ. ಶಾಲೆಯ ಶೌಚಾಲಯಕ್ಕೆ ಹೆದರಿ ಮಗು ನೀರೇ ಕುಡಿಯದೆ ಇರುತ್ತಿದ್ದಾನೆಯೇ ಎಂದು ಟೀಚರನ್ನು ವಿಚಾರಿಸಿ. ಶಸ್ತ್ರಚಿಕಿತ್ಸೆಗೆ ಮುಂಚೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.